ಗೃಹಜ್ಯೋತಿ: ಮೇ ತಿಂಗಳಲ್ಲಿ ಮಾತ್ರ 200 ಯೂನಿಟ್ ದಾಟುತ್ತದೆ, ಮೆಸ್ಕಾಂನಲ್ಲಿ ಏನು ಕೇಳಬಹುದು?

ಬ್ರಹ್ಮಾವರದ_ಮನೆ:
ಗೃಹಜ್ಯೋತಿಯಲ್ಲಿ (ಸರ್ಕಾರದ ಉಚಿತ ವಿದ್ಯುತ್ ಯೋಜನೆ) ನಮ್ಮ ಅರ್ಹತೆ, ಅಂದರೆ ತಿಂಗಳಿಗೆ ಉಚಿತವಾಗಿ ಸಿಗುವುದು, 138 ಯೂನಿಟ್. ಫೆಬ್ರವರಿ ಬಿಲ್ 140, ಮೇ ಬಿಲ್ 214. 200 ದಾಟಿದ್ದರಿಂದ ಪೂರ್ತಿ ಬಿಲ್ ಕಟ್ಟಬೇಕಾಯ್ತು. ಐದು ಜನ, ಎಸಿ ಇಲ್ಲ. ಐದು ಫ್ಯಾನ್, ಹತ್ತು ವರ್ಷದ ಡಬಲ್ ಡೋರ್ ಫ್ರಿಜ್, 15 ಲೀಟರ್ ಗೀಸರ್, ಬ್ಯಾಟರಿ ಇನ್ವರ್ಟರ್, ಬಾವಿಗೆ 1 ಎಚ್‌ಪಿ ಮೋನೋಬ್ಲಾಕ್ (ಮೋಟಾರ್, ಪಂಪ್ ಒಂದೇ ಆಗಿರುವುದು). ಅದರಲ್ಲೇ 12 ತೆಂಗಿನ ಮರಕ್ಕೂ ನೀರು. ಸಂಜೆ ವೋಲ್ಟೇಜ್ ಕಮ್ಮಿ. ಮೀಟರ್ ಜಾಸ್ತಿ ಓಡುತ್ತಿದೆಯೋ, ಮನೆಯಲ್ಲೇ ಪೋಲಾಗುತ್ತಿದೆಯೋ, ಹೇಗೆ ಪತ್ತೆ ಹಚ್ಚುವುದು?

ಮೀಟರ್_ಬಾಕ್ಸ್:
ಮೊದಲು ಎರಡೂ ಬಿಲ್‌ನಲ್ಲಿ ರೀಡಿಂಗ್ ದಿನಾಂಕ ನೋಡಿ. ಒಂದು 28 ದಿನದ್ದು, ಇನ್ನೊಂದು 33 ದಿನದ್ದು ಆಗಿದ್ದರೆ ಒಟ್ಟು ಯೂನಿಟ್ ಹೋಲಿಸಿ ಪ್ರಯೋಜನ ಇಲ್ಲ, ದಿನಕ್ಕೆ ಎಷ್ಟು ಅಂತ ಭಾಗಿಸಿ.

ಮತ್ತೆ, 138ಕ್ಕೆ ಇಳಿಸುವ ಹಟ ಈಗಲೇ ಬೇಡ. 199 ಬಂದರೆ ಹೆಚ್ಚುವರಿ 61 ಯೂನಿಟ್‌ಗೆ ಮಾತ್ರ ದುಡ್ಡು, 201 ಬಂದರೆ ಎಲ್ಲದಕ್ಕೂ. ನಿಮಗೆ ತಪ್ಪಿಸಬೇಕಾದದ್ದು ಆ ಕೊನೆಯ 15 ಯೂನಿಟ್.

ಮೀಟರ್ ಮುಖದ ಮೇಲೆ 3200 imp/kWh ಅಥವಾ 1600 ಅಂತ (ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ) ಬರೆದಿರುತ್ತದೆ, ಪಕ್ಕದಲ್ಲಿ ಮಿನುಗುವ ಕೆಂಪು ದೀಪ. 3200 ಮೀಟರ್ ಆದರೆ 1125ನ್ನು ಎರಡು ಮಿನುಗಿನ ನಡುವಿನ ಸೆಕೆಂಡಿನಿಂದ ಭಾಗಿಸಿ, ಆ ಕ್ಷಣ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಸಿಗುತ್ತದೆ. 1600 ಆದರೆ 2250 ಭಾಗಿಸಿ. ರಾತ್ರಿ ಲೈಟು, ಫ್ಯಾನು, ಫ್ರಿಜ್ ಎಲ್ಲ ಆಫ್ ಮಾಡಿ, ಮೇನ್ ಮಾತ್ರ ಆನ್ ಇಟ್ಟು ನೋಡಿ. ಮಿನುಗಬಾರದು, ಅಥವಾ ನಿಮಿಷಕ್ಕೊಮ್ಮೆ ಮಿನುಗಬೇಕು. ಬೇಗ ಮಿನುಗಿದರೆ ಎಂಸಿಬಿ (ಬೋರ್ಡಿನ ಟ್ರಿಪ್ ಸ್ವಿಚ್) ಒಂದೊಂದೇ ಇಳಿಸಿ. ಯಾವುದು ಇಳಿಸಿದಾಗ ನಿಲ್ಲುತ್ತದೋ ಕಳ್ಳ ಅಲ್ಲಿದ್ದಾನೆ. ಮೇನ್ ಪೂರ್ತಿ ಇಳಿಸಿದ ಮೇಲೂ ಮಿನುಗಿದರೆ ಆಗ ಮೀಟರ್ ಮೇಲೆ ಅನುಮಾನ ಪಡಬಹುದು. ಅದಕ್ಕಿಂತ ಮೊದಲು ಟೆಸ್ಟಿಂಗ್‌ಗೆ ಶುಲ್ಕ ಕಟ್ಟಬೇಡಿ.

ಫ್ಯಾನ್ ಲೆಕ್ಕ: ಹಳೇ ಫ್ಯಾನ್ 75 ವ್ಯಾಟ್. ಸೆಕೆಗೆ ನಾಲ್ಕು ಫ್ಯಾನ್ ದಿನಕ್ಕೆ 6 ಗಂಟೆ ಹೆಚ್ಚು ತಿರುಗಿದರೆ ತಿಂಗಳಿಗೆ 54 ಯೂನಿಟ್. ನಿಮ್ಮ 74ರಲ್ಲಿ ಹೆಚ್ಚಿನ ಪಾಲು ಅಲ್ಲೇ ಉಂಟು. ಐದನ್ನೂ ಬದಲಿಸಬೇಕಿಲ್ಲ. ದಿನಕ್ಕೆ 16 ಗಂಟೆ ಓಡುವ ಎರಡಕ್ಕೆ 30 ವ್ಯಾಟ್‌ನ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ಎಳೆಯುವ ಮೋಟಾರಿನ ಫ್ಯಾನ್) ಹಾಕಿದರೆ 43 ಯೂನಿಟ್ ಉಳಿಯುತ್ತದೆ. ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ರೆಗ್ಯುಲೇಟರ್ ಮೂಲಕ ಕೊಡಬೇಡಿ, ಅದನ್ನು ಬೈಪಾಸ್ ಮಾಡಿ. ಇಲ್ಲದಿದ್ದರೆ ಒಳಗಿನ ಬೋರ್ಡ್ ಸುಡಬಹುದು.

ಬಾವಿಕಟ್ಟೆ:
ಪಂಪ್ ವಿಷಯ ಹೇಳುತ್ತೇನೆ. 1 ಎಚ್‌ಪಿ ಅಂದರೆ ಗಂಟೆಗೆ ಸುಮಾರು 1.1 ಯೂನಿಟ್. ಟ್ಯಾಂಕ್ ತುಂಬಲು ಹಿಡಿಯುವ ನಿಮಿಷ ಬರೆದಿಡಿ, ಜನವರಿಗೂ ಮೇಗೂ ಹೋಲಿಸಿ. ಬೇಸಗೆಯಲ್ಲಿ ಬಾವಿ ನೀರು ಇಳಿದಾಗ ಸಕ್ಷನ್, ಅಂದರೆ ಪಂಪ್ ನೀರನ್ನು ಮೇಲೆಳೆಯಬೇಕಾದ ಎತ್ತರ, ಹೆಚ್ಚುತ್ತದೆ. ಆರೇಳು ಮೀಟರ್ ದಾಟಿದರೆ ಮೇಲೆ ಕೂತ ಮೋನೋಬ್ಲಾಕ್ ಒದ್ದಾಡುತ್ತದೆ, ನೀರಿಗಿಂತ ಗಾಳಿಯೇ ಜಾಸ್ತಿ. ಬಾವಿಯೊಳಗೆ ಒಂದು ಹಂತ ಕೆಳಗೆ ಪಂಪ್ ಇಳಿಸಿ.

ಪ್ರತಿ ಸಲ ಪ್ರೈಮಿಂಗ್ (ಪಂಪ್‌ಗೆ ಮೊದಲು ನೀರು ತುಂಬಿಸುವುದು) ಬೇಕಾಗುತ್ತದೆಯಾ? ಹಾಗಾದರೆ ಬಾವಿಯೊಳಗಿನ ಪೈಪಿನ ತುದಿಯ ಫುಟ್ ವಾಲ್ವ್ ಸೋರುತ್ತಿರಬಹುದು. ವಾಷರ್ ಸವೆದಿರುತ್ತದೆ, ಇಲ್ಲಾ ಎಲೆ ಸಿಕ್ಕಿಕೊಂಡಿರುತ್ತದೆ. ಮೋಟಾರ್ ಗುಂಯ್ ಅಂದು ನಿಧಾನ ಹಿಡಿದರೆ ಕೆಪಾಸಿಟರ್ ಬದಲಿಸಿ.

ತೆಂಗಿಗೆ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 200 ಲೀಟರ್ ಸಾಕು. ಅಂದರೆ ಒಂದು ಸುತ್ತಿಗೆ 2,400 ಲೀಟರ್. ನಿಮಿಷಕ್ಕೆ 60 ಲೀಟರ್ ಬರುವ ಪಂಪ್‌ಗೆ 40 ನಿಮಿಷ, ಮುಕ್ಕಾಲು ಯೂನಿಟ್. ತಿಂಗಳಿಗೆ ಆರು ಯೂನಿಟ್ ದಾಟುವುದಿಲ್ಲ. ದಿನಾ ಅಷ್ಟೇ ನೀರು ಬಿಟ್ಟರೆ 22. ಬುಡಕ್ಕೆ ತೆಂಗಿನ ಸಿಪ್ಪೆ ಕವುಚಿ ಹಾಕಿ, ತೇವ ನಿಲ್ಲುತ್ತದೆ.

ಮೂರನೇ_ಕಂಬ:
ಮೆಸ್ಕಾಂ ಕಡೆಯಿಂದ ಕೇಳಬೇಕಾದದ್ದು ಮುಖ್ಯವಾಗಿ ವೋಲ್ಟೇಜ್. ಸಂಜೆ 7ರಿಂದ 10ರವರೆಗೆ ಅರ್ಧ ಗಂಟೆಗೊಮ್ಮೆ ಮಲ್ಟಿಮೀಟರ್ ಇಟ್ಟು ಮೂರು ದಿನ ಬರೆದುಕೊಳ್ಳಿ, ಪಕ್ಕದ ಮನೆಯಲ್ಲೂ ನೋಡಿ. ನಿಮ್ಮೊಬ್ಬರಿಗೇ ಕಮ್ಮಿಯಾದರೆ ಕಂಬದಿಂದ ಬರುವ ಸರ್ವಿಸ್ ವೈರಿನ ಜಾಯಿಂಟ್. ಕಡಲ ಬದಿಯ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಬೂದಿಯಂತಾಗುತ್ತದೆ. ಇಡೀ ಸಾಲಿಗೇ ಕಮ್ಮಿಯಾದರೆ ಟ್ರಾನ್ಸ್‌ಫಾರ್ಮರ್ ಲೋಡ್, ಇಲ್ಲಾ ಒಂದೇ ಫೇಸ್‌ಗೆ ಎಲ್ಲರನ್ನೂ ಹಾಕಿರುತ್ತಾರೆ. 1912ಕ್ಕೆ ಬಿಲ್‌ನಲ್ಲಿರುವ ಆರ್‌ಆರ್ ನಂಬರ್ ಹೇಳಿ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಅದು ಮತ್ತು ನಿಮ್ಮ ಪಟ್ಟಿ ಹಿಡಿದು ಸೆಕ್ಷನ್ ಆಫೀಸಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ. "ಕರೆಂಟ್ ಸರಿ ಇಲ್ಲ ಸಾರ್" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಒಮ್ಮೆ ಕಮ್ಮಿ ಒಮ್ಮೆ ಜಾಸ್ತಿ ಆಗುತ್ತಿದ್ದರೆ ನ್ಯೂಟ್ರಲ್ ಸಡಿಲ ಇರಬಹುದು. ಕಾಯಬೇಡಿ, ಮೇನ್ ಇಳಿಸಿ ಕೂಡಲೇ ಫೋನ್ ಮಾಡಿ.

ಕಮ್ಮಿ ವೋಲ್ಟೇಜ್‌ನಿಂದ ಗೀಸರ್ ಬಿಲ್ ಏರುವುದಿಲ್ಲ, ನೀರು ಕಾಯಲು ಹೊತ್ತು ಹಿಡಿಯುತ್ತದೆ ಅಷ್ಟೇ. ಹೊಡೆತ ಮೋಟಾರ್‌ಗೆ. ಆಂಪ್ಸ್ ಜಾಸ್ತಿ ಎಳೆದು ವೈಂಡಿಂಗ್ ಬಿಸಿಯಾಗುತ್ತದೆ. ಪಂಪನ್ನು ಬೆಳಿಗ್ಗೆ ಹಾಕಿ.

ಹಂಚಿನ_ಮಾಡು:
ಸೋಲಾರ್ ಯಾರೂ ಹೇಳಲಿಲ್ಲ. ಪಿಎಂ ಸೂರ್ಯಘರ್‌ನಲ್ಲಿ (ಮನೆ ಮಾಡಿನ ಸೋಲಾರ್‌ಗೆ ಕೇಂದ್ರದ ಯೋಜನೆ) 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲೆ 78,000 ರೂ. ಸಬ್ಸಿಡಿ. ಆದರೆ ಮೇಲೆ ಬರೆದ 15 ಯೂನಿಟ್‌ಗೋಸ್ಕರ ಇದಕ್ಕೆ ಕೈ ಹಾಕುವುದು ಅತಿಯಾಯ್ತು. ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಹೇಗೂ ಮೋಡ.

ಬ್ರಹ್ಮಾವರದ_ಮನೆ:
ನೋಡಿದೆ. 3200ರ ಮೀಟರ್, ಎಲ್ಲ ಆಫ್ ಇದ್ದಾಗ 14 ಸೆಕೆಂಡಿಗೊಮ್ಮೆ ಮಿನುಗು. ಇನ್ವರ್ಟರ್ ಇನ್‌ಪುಟ್ ತೆಗೆದರೆ 38 ಸೆಕೆಂಡ್.

ಮೀಟರ್_ಬಾಕ್ಸ್:
80 ವ್ಯಾಟ್ ಇದ್ದದ್ದು 30ಕ್ಕೆ ಇಳಿಯಿತು. ಇನ್ವರ್ಟರ್ ಒಂದೇ 50 ವ್ಯಾಟ್, ತಿಂಗಳಿಗೆ 36 ಯೂನಿಟ್ ಮಾರಾಯ್ರೆ! ತುಂಬಿದ ಬ್ಯಾಟರಿಗೆ ಅಷ್ಟು ಬೇಡ. ಕೈ ಇಟ್ಟು ನೋಡಿ, ಬೆಚ್ಚಗಿದೆಯಾ? ಡಿಸ್ಟಿಲ್ಡ್ ವಾಟರ್ ಗುರುತಿನವರೆಗೆ ತುಂಬಿಸಿ (ಬಾವಿ ನೀರು ಬೇಡ), ಒಂದು ದಿನ ಚಾರ್ಜ್ ಆದ ಮೇಲೆ ಆರೂ ಸೆಲ್‌ಗೆ ಹೈಡ್ರೋಮೀಟರ್ (ಆಸಿಡ್ ಸಾಂದ್ರತೆ ಅಳೆಯುವ ಸಾಧನ) ಇಡಿಸಿ. ಐದರಲ್ಲಿ 1.240 ಹತ್ತಿರ ಬಂದು ಒಂದರಲ್ಲಿ 1.200 ಅಥವಾ ಅದಕ್ಕೂ ಕಮ್ಮಿ ಬಂದರೆ ಆ ಸೆಲ್ ಕೆಟ್ಟಿದೆ, ಬ್ಯಾಟರಿ ಬದಲಿಸಬೇಕಾಗುತ್ತದೆ. ಉಳಿದ 30 ವ್ಯಾಟ್‌ಗೆ ಸೆಟ್‌ಟಾಪ್ ಬಾಕ್ಸ್ ಪ್ಲಗ್ ಕಿತ್ತು ಮತ್ತೊಮ್ಮೆ ಎಣಿಸಿ.