ಎರಡು ಬಾಟಲ್ ನೀರು ಕುಡಿದರೂ ಬಿಸಿಲಲ್ಲಿ ಸೈಕಲ್ ತುಳಿದರೆ ತಲೆನೋವು, ಏನು ಮಾಡೋದು?

ಜೆಪಿನಗರ_ಸೈಕಲ್:
ನಮಸ್ಕಾರ ಎಲ್ಲರಿಗೂ. ಬೆಂಗಳೂರಿನ ಜೆಪಿ ನಗರದಿಂದ ಬೆಳ್ಳಂದೂರಿಗೆ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಬೆಳಗ್ಗೆ ಏನೂ ತೊಂದರೆಯಿಲ್ಲ. ಆದರೆ ನನ್ನ ಶಿಫ್ಟ್ ಮುಗಿಯುವುದು ಮಧ್ಯಾಹ್ನ ಮೂರಕ್ಕೆ, ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ತಲೆ ಸಿಡಿಯುತ್ತದೆ, ಮನೆಗೆ ಬಂದ ಮೇಲೆ ಮೀನಖಂಡ ಹಿಡಿದುಕೊಳ್ಳುತ್ತದೆ. ಒಂದು ಗಂಟೆಯ ದಾರಿಯಲ್ಲಿ 750 ಎಂಎಲ್‌ನ ಎರಡು ಬಾಟಲ್ ಖಾಲಿ ಮಾಡುತ್ತೇನೆ. ಇನ್ನೂ ಜಾಸ್ತಿ ಕುಡಿಯಬೇಕಾ? ಇಲ್ಲಾ ದಿನಾ ನೀರಿಗೆ ಕಲಸುವ ಉಪ್ಪು ಸಕ್ಕರೆ ಪುಡಿ ಓಆರ್‌ಎಸ್ ತಗೋಬೇಕಾ?

ಬಸವನಗುಡಿ_ಪೆಡಲ್:
ಅಣ್ಣ, ನೀರು ಕಮ್ಮಿಯಾಗಿಲ್ಲ, ಉಪ್ಪು ಸಾಲುತ್ತಿಲ್ಲ ಅನ್ನಿಸುತ್ತದೆ. ಗಂಟೆಗೆ ಒಂದೂವರೆ ಲೀಟರ್ ಬರೀ ನೀರು ತುಂಬಾ ಆಯ್ತು. ಬೆವರಿನ ಜೊತೆ ಉಪ್ಪಿನಲ್ಲಿರುವ ಸೋಡಿಯಂ ಹೋಗುತ್ತದೆ ಅಲ್ವಾ, ಅದರ ಮೇಲೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿರುವ ಸೋಡಿಯಂ ಇನ್ನೂ ತೆಳುವಾಗುತ್ತದೆ, ತಲೆನೋವು ಮತ್ತು ವಾಕರಿಕೆ ಅದರಿಂದಲೂ ಬರಬಹುದು. ನಮ್ಮೂರಿನ ಮಾರ್ಚ್, ಏಪ್ರಿಲ್ ಗಾಳಿ ಒಣಗಾಳಿ. ಮಂಗಳೂರಿನಲ್ಲಾದರೆ ಅಂಗಿ ಮೈಗೆ ಅಂಟಿಕೊಳ್ಳುತ್ತದೆ, ಇಲ್ಲಿ ಸೈಕಲ್ ಓಡುತ್ತಿರುವಾಗ ಬೆವರು ಬಂದ ಹಾಗೇ ಆರಿಹೋಗುತ್ತದೆ, ಎಷ್ಟು ಹೋಯ್ತು ಅಂತ ಗೊತ್ತೇ ಆಗುವುದಿಲ್ಲ. ಕಪ್ಪು ಟೀ ಶರ್ಟ್ ಹಾಕಿದ ದಿನ ಬೆನ್ನ ಮೇಲೆ ಬಿಳಿ ಗೆರೆ ಮೂಡುತ್ತದಾ ನೋಡಿ. ಅದು ಉಪ್ಪೇ.

ರಜೆಯ ದಿನ ಅದೇ ಹೊತ್ತಿಗೆ ಒಂದು ಗಂಟೆ ತುಳಿದು, ಹೋಗುವ ಮುಂಚೆ ಮತ್ತು ಬಂದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕೆಜಿ ಇಳಿದಿದ್ದರೆ, ಕುಡಿದದ್ದನ್ನು ಬಿಟ್ಟು ಇನ್ನೂ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಗಿದೆ. ಆಫೀಸು ಬಿಡುವ ಮುಂಚೆ ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಿರಿ, ಒಂದು ಬಾಟಲ್‌ಗೆ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಜೊತೆಗೆ ಒಂದು ಹಿಡಿ ಉಪ್ಪುಕಡಲೆ ತಿನ್ನಿ.

ಮಲ್ಲೇಶ್ವರದಕ್ಕ:
ನಾನು ನರ್ಸ್. ಊಟ ತಿಂಡಿ ಸರಿಯಾಗಿದ್ದರೆ ಒಂದು ಗಂಟೆ ಸೈಕಲ್‌ಗೆ ದಿನಾ ಓಆರ್‌ಎಸ್ ಬೇಕಾಗಿಲ್ಲ. ತುಂಬಾ ಬೆವರಿದ ದಿನ ತಗೊಳ್ಳಿ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಅಂದಾಜಿನ ಮೇಲೆ ಬಾಟಲ್‌ಗೆ ಸುರಿಯಬೇಡಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಸಿಹಿ ಪಾನೀಯಗಳನ್ನೂ ಓಆರ್‌ಎಸ್ ಹೆಸರಲ್ಲೇ ಮಾರುತ್ತಿದ್ದರು, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದಕ್ಕೆ ತಡೆ ಹಾಕಿತು. ಮೆಡಿಕಲ್ ಶಾಪಿನಲ್ಲಿ ಡಬ್ಲ್ಯುಎಚ್‌ಒ ಫಾರ್ಮುಲಾದ್ದು ಅಂತಲೇ ಕೇಳಿ ತಗೊಳ್ಳಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಉಪ್ಪು ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ದಯವಿಟ್ಟು ಇದನ್ನು ನೆನಪಿಡಿ. ತಲೆ ತಿರುಗಿದರೆ, ಸೈಕಲ್ ನೆಟ್ಟಗೆ ಹಿಡಿಯಲು ಆಗದಿದ್ದರೆ, ಮನೆ ಹತ್ತಿರವೇ ಇದೆ ಅಂತ ತುಳಿಯಬೇಡಿ, ಇಳಿದು ನೆರಳಿಗೆ ಹೋಗಿ ಕೂತುಬಿಡಿ. ಜೊತೆಗಿದ್ದವರ ಮಾತು ತೊದಲಿದರೆ, ಏನೇನೋ ಮಾತಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಸುಮ್ನೆ ಕಾಯಬೇಡಿ, ತಲೆಗೆ ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ಹೆಬ್ಬಾಳ_ರೈಡರ್:
ಗುರು, ಹೊರಡುವ ಹೊತ್ತು ಬದಲಾಯಿಸಲು ಆಗುತ್ತದಾ ನೋಡಿ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು, ಅದೂ ನೆರಳಲ್ಲಿ ಅಳೆದದ್ದು. ರಿಂಗ್ ರೋಡಿನ ಟಾರ್ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಗಾಳಿಯೂ ಇರುವುದಿಲ್ಲ, ಬಸ್ಸಿನ ಇಂಜಿನ್ ಬಿಸಿ ಬೇರೆ. ಐದೂವರೆವರೆಗೆ ಆಫೀಸಿನಲ್ಲೇ ಇದ್ದು ಹೊರಟರೆ ಅರ್ಧ ತೊಂದರೆ ಕಮ್ಮಿ. ಸಿಲ್ಕ್ ಬೋರ್ಡ್ ಆದ ಮೇಲೆ ಮೇನ್ ರೋಡ್ ಬಿಟ್ಟು ಬಿಟಿಎಂ ಒಳಗಿನ ಮರಗಳಿರುವ ರಸ್ತೆ ಹಿಡಿಯಿರಿ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ತಿಳಿ ಬಣ್ಣದ ಸಡಿಲ ತುಂಬುತೋಳಿನ ಅಂಗಿ, ಕುತ್ತಿಗೆಗೆ ಒದ್ದೆ ಟವೆಲ್.

ಜೆಪಿನಗರ_ಸೈಕಲ್:
ಎಲ್ಲರಿಗೂ ಥ್ಯಾಂಕ್ಸ್. ಬಿಪಿ ಇಲ್ಲ ಅಕ್ಕ. ಸೋಮವಾರದಿಂದ ಮಜ್ಜಿಗೆ, ಒಂದು ಬಾಟಲ್ ನಿಂಬೆ ನೀರು, ಐದೂವರೆಗೆ ಹೊರಡೋದು. ಆಮೇಲೂ ತಲೆನೋವು ಬಂದರೆ?

ಮಲ್ಲೇಶ್ವರದಕ್ಕ:
ಬಂದರೆ ಸೈಕಲ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಒಮ್ಮೆ ಬಿಪಿಯನ್ನೂ ನೋಡಿಸಿ, ಇಲ್ಲ ಅಂತ ನಾವಾಗಿ ಅಂದುಕೊಂಡರೆ ಆಗುವುದಿಲ್ಲ.