ಬೇಲಿ ಆಚೆಯ ನಾಟ್‌ವೀಡ್ ಯಾವುದು? ಯುಕೆಯಲ್ಲಿ ಮನೆ ಕೊಂಡವರು ಅನುಭವ ಹೇಳಿ

ರೀಡಿಂಗ್‌ನಿಂದ ಪ್ರಶ್ನೆ: ಮೂರು ವಾರದಲ್ಲಿ ಮನೆಯ ಸಹಿ ಆಗಬೇಕು. ಹಿತ್ತಲ ಬೇಲಿ ಆಚೆ, ಪಕ್ಕದವರ ಜಾಗದಲ್ಲಿ, ಬಿದಿರಿನಂಥ ಗಂಟು ಗಂಟು ಕಾಂಡದ ಗಿಡ ಎದ್ದಿದೆ. ನಾಟ್‌ವೀಡ್ ಅಂದರೆ ಒಮ್ಮೆ ಬಂದರೆ ಬಿಡದೆ ಹಬ್ಬುವ ಕಳೆ, ಇದ್ದರೆ ಮನೆ ಸಾಲಕ್ಕೂ ಅಡ್ಡಿ. ಟಿಎ6 ಫಾರ್ಮಿನಲ್ಲಿ (ಮಾರುವವರು ಮನೆಯ ವಿವರ ತುಂಬಿ ಕೊಡುವ ಫಾರ್ಮು) ಮಾರುವವರು ಆ ಕಳೆಯ ಪ್ರಶ್ನೆಗೆ ‘ಗೊತ್ತಿಲ್ಲ’ ಅಂತ ಗುರುತು ಹಾಕಿದ್ದಾರೆ. ಇದು ಜಪಾನೀಸಾ, ಜೈಂಟಾ, ಹಿಮಾಲಯನ್ನಾ? ನೀವು ಹೇಗೆ ಗುರುತಿಸಿದಿರಿ?

ಕಾರ್ಡಿಫ್: ನಮ್ಮದು ಜಪಾನೀಸ್. ಎಲೆಯ ಬುಡ ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ ನೇರ. ಉದ್ದ ಒಂದು ಗೇಣಿನೊಳಗೆ. ಕಾಂಡದ ಮೇಲೆ ನೇರಳೆ ಚುಕ್ಕೆ, ಒಳಗೆ ಟೊಳ್ಳು. ಬೇರು ಮುರಿದರೆ ಕ್ಯಾರೆಟ್ ಬಣ್ಣ. ಇಷ್ಟು ಮೊದಲೇ ಗೊತ್ತಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. 2019ರ ಮೇ ತಿಂಗಳಲ್ಲಿ ಯಾವುದೋ ಕಳೆ ಅಂದುಕೊಂಡು ಸ್ಟ್ರಿಮ್ಮರ್ ಹೊಡೆದೆ. ಆಗಸ್ಟ್ ಹೊತ್ತಿಗೆ ಒಂದು ಕಡೆ ಇದ್ದದ್ದು ನಾಲ್ಕು ಕಡೆ ಆಯಿತು. ಸರ್ವೆಗೆ 220 ಪೌಂಡ್. ಐದು ವರ್ಷ ಗ್ಲೈಫೋಸೇಟ್ ಕಳೆನಾಶಕ ಹೊಡೆಯುವುದು, ಹತ್ತು ವರ್ಷದ ವಿಮೆ ಇರುವ ಗ್ಯಾರಂಟಿ, ಎರಡೂ ಸೇರಿ 3,450. ವ್ಯಾಟ್ 690. ಎರಡನೇ ವರ್ಷ ಔಷಧಿಯವರು ಜೂನ್‌ನಲ್ಲೇ ಬಂದು ಹೋದರು. ಬರಬೇಕಿದ್ದದ್ದು ಸೆಪ್ಟೆಂಬರ್‌ನಲ್ಲಿ. ಆಗ ಗಿಡ ಎಲೆಯಿಂದ ಬೇರಿಗೆ ಆಹಾರ ಇಳಿಸುತ್ತದೆ, ಔಷಧಿಯೂ ಜೊತೆಗೆ ಇಳಿಯುತ್ತದೆ. ಒಂದು ವರ್ಷ ಪೂರ್ತಿ ಹಾಳು. ಆದರೂ ಔಷಧಿಯೇ ಸರಿಯಾದ ದಾರಿ. ಅಗೆಸಲು ಮಾತ್ರ ಹೋಗಬೇಡಿ.

ಲೀಡ್ಸ್: ಅಗೆಸಿದವನು ನಾನು. ಅಷ್ಟು ಸುಲಭವಾಗಿ ಹೇಳಬೇಡಿ. 14,800 ಪೌಂಡ್ ಕೊಟ್ಟೆ. ಎರಡೂವರೆ ಮೀಟರ್ ಆಳ ಅಗೆದು, ಹನ್ನೊಂದು ಲಾರಿ ಮಣ್ಣು ಪರವಾನಗಿ ಇರುವ ಜಾಗಕ್ಕೇ ಹೋಯಿತು. ಬೇಲಿ ಹೊಸದಾಗಿ ಹಾಕಿಸಿದ್ದು 1,150, ಅದು ಬೇರೆ. 2020ರಲ್ಲಿ ಏಳು ಮೀಟರ್ ಲೆಕ್ಕ ಇತ್ತು, ಗಿಡ ಮನೆಗೆ ಅಷ್ಟರೊಳಗೆ ಇದ್ದರೆ ಸಾಲಕ್ಕೆ ಅಡ್ಡಿ. ಗಿಡ ಗೋಡೆಯಿಂದ ಐದು ಮೀಟರ್. ಬ್ಯಾಂಕ್ ಸಾಲ ಕೊಡಲಿಲ್ಲ, ಅಗೆಸಿದ ಮೇಲೆ ಕೊಟ್ಟಿತು. 2022ರಲ್ಲಿ ಸರ್ವೇಯರ್‌ಗಳ ಸಂಸ್ಥೆ ಆರ್‌ಐಸಿಎಸ್ ಆ ಏಳು ಮೀಟರನ್ನು ಮೂರು ಮೀಟರ್‌ಗೆ ಇಳಿಸಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಅಂದಿನಿಂದ ಒಂದು ಚಿಗುರೂ ಎದ್ದಿಲ್ಲ. ಕಾರ್ಡಿಫ್‌ನವರು ಹಾಗೆ ಹೇಳಲಿ ನೋಡೋಣ.

ಮ್ಯಾಂಚೆಸ್ಟರ್: ಕೇಳಿದ್ದು ಗುರುತಿಸುವುದು ಹೇಗೆ ಅಂತ. ನೀವಿಬ್ಬರೂ ಬಿಲ್ ತೋರಿಸ್ತಿದ್ದೀರಿ. ನಮ್ಮದು ಮಿಶ್ರತಳಿ, ಬೊಹೀಮಿಯನ್. ಜಪಾನೀಸ್ ಮತ್ತು ಜೈಂಟ್ ಕೂಡಿ ಹುಟ್ಟಿದ್ದು. ಸರ್ವೇಯರ್ ಕಾರಿನಿಂದ ಇಳಿದು ಎರಡು ನಿಮಿಷ ನೋಡಿ ‘ಜಪಾನೀಸ್’ ಅಂತ ಬರೆದರು. ನಾನು 12 ಪೌಂಡಿನ ಹತ್ತುಪಟ್ಟು ಲೆನ್ಸ್ ಹಿಡಿದು ಕೂತೆ. ಕಾಂಡದ ನಡುಭಾಗದ ಎಲೆಯನ್ನೇ ನೋಡಬೇಕು. ತುದಿಯ ಎಲೆ ಮೂರರಲ್ಲೂ ಒಂದೇ ಥರ ಕಾಣುತ್ತದೆ. ಎಲೆ ತಿರುಗಿಸಿ ನರದ ಮೇಲೆ ನೋಡಿ. ಜಪಾನೀಸಿನಲ್ಲಿ ರೋಮ ಇಲ್ಲ, ಬರೀ ಸಣ್ಣ ಉಬ್ಬು. ಜೈಂಟಿನಲ್ಲಿ ಉದ್ದನೆಯ, ಬಳುಕುವ ರೋಮ. ಅದರ ಎಲೆಯ ಬುಡ ವೀಳ್ಯದೆಲೆಯದೇ, ಉದ್ದ ಮಾತ್ರ 40 ಸೆಂ.ಮೀ. ತನಕ. ಮಿಶ್ರತಳಿಯಲ್ಲಿ ಗಿಡ್ಡ, ಗಡಸು ರೋಮ. ಜೂನ್, ಜುಲೈನಲ್ಲೇ ನೋಡಿ, ಆಮೇಲೆ ಉದುರಿ ಹೋಗುತ್ತವೆ. ಹೂವು ಬಂದರೆ ಇನ್ನೊಂದು ಗುರುತಿದೆ. ಬ್ರಿಟನ್ನಿನ ಜಪಾನೀಸ್ ಗಿಡಗಳೆಲ್ಲ ಒಂದೇ ಹೆಣ್ಣು ಗಿಡದ ತುಂಡುಗಳು. ಹೂವಿನಲ್ಲಿ ಪರಾಗ ಕಂಡರೆ ಅದು ಜಪಾನೀಸ್ ಅಲ್ಲ.

ಕಾರ್ಡಿಫ್: ಲೆನ್ಸ್ ಹಿಡಿದು ಏನು ಬಂತು? ಮೂರಕ್ಕೂ ಔಷಧಿ ಒಂದೇ. ಕಾನೂನಿನ ಪಟ್ಟಿಯಲ್ಲೂ ಮೂರೂ ಇವೆ.

ಮ್ಯಾಂಚೆಸ್ಟರ್: ಏನು ಬಂತು ಅಂದರೆ, ನಾಲ್ಕನೇ ವರ್ಷ ಗಿಡ ಮತ್ತೆ ಎದ್ದಿತು. ಗ್ಯಾರಂಟಿ ಪತ್ರದಲ್ಲಿ ಇದ್ದದ್ದು ‘ಜಪಾನೀಸ್’ ಅಂತ ಮಾತ್ರ. ಇದು ಅದಲ್ಲ ಅಂತ ಕಂಪನಿಯವರು ಕೈ ತೊಳೆದುಕೊಂಡರು. ನಾನು ಮೊದಲ ದಿನವೇ ಬರೆದು ಕೊಟ್ಟಿದ್ದ ಪತ್ರ ಇತ್ತು, ಹಾಗಾಗಿ ಏಳು ತಿಂಗಳು ಜಗಳ ಆಡಿ 1,900 ಪೌಂಡ್ ವಾಪಸ್ ಪಡೆದೆ. ಹೆಸರು ಮುಖ್ಯ ಅಲ್ವಾ?

ಎಡಿನ್‌ಬರಾ: ನಮ್ಮದು ಹಿಮಾಲಯನ್. ಎಲೆ ಮಾವಿನೆಲೆಯ ಹಾಗೆ ಉದ್ದ, ಕಿರಿದು, ನರ ಕೆಂಪು. ಗಂಟಿನ ಸುತ್ತ ಕಂದು ಬಣ್ಣದ ಉದ್ದನೆಯ ಒರೆ, ಬಾಳೆಯ ಒಣ ಪಟ್ಟೆಯಂತೆ ಅಂಟಿಕೊಂಡಿರುತ್ತದೆ. ಇದನ್ನು ಹಿಮಾಲಯನ್ ಬಾಲ್ಸಮ್ ಅಂತ ಬರೆದ ಒಬ್ಬರಿಂದ ನಮ್ಮ ಮಾರಾಟ ಆರು ವಾರ ನಿಂತಿತು. ಬಾಲ್ಸಮ್ ನಮ್ಮ ಕರ್ಣಕುಂಡಲದ ಬಳಗ. ನಾಟ್‌ವೀಡೇ ಅಲ್ಲ.

ಸ್ವಾನ್ಸೀ: ನಾನು ಏಪ್ರಿಲ್‌ನಲ್ಲಿ ಎಳೆ ಚಿಗುರು ತಂದು ಗೊಜ್ಜು ಮಾಡುತ್ತೇನೆ. ರುಬಾರ್ಬ್‌ನಂತೆ ಹುಳಿ. ಹುಣಸೆ ಹಾಕುವುದೇ ಬೇಡ, ಬೆಲ್ಲ ಸ್ವಲ್ಪ ಜಾಸ್ತಿ.

ಕಾರ್ಡಿಫ್: ದಯವಿಟ್ಟು ಇದನ್ನು ಇಲ್ಲಿ ಬರೆಯಬೇಡಿ. ಯಾರೋ ಔಷಧಿ ಹೊಡೆದ ಚಿಗುರು ತಂದು ಮಕ್ಕಳಿಗೆ ಬಡಿಸುತ್ತಾರೆ. ಒಂದು ಗ್ರಾಂ ಕೂಡ ಇಲ್ಲದ ಬೇರಿನ ತುಂಡು ಸಾಕು ಮತ್ತೆ ಹುಟ್ಟಲು. ಸಿಪ್ಪೆ ಎಲ್ಲಿ ಎಸೆಯುತ್ತೀರಿ?

ಸ್ವಾನ್ಸೀ: ನನ್ನದೇ ಹಿತ್ತಲು, ಔಷಧಿ ಮುಟ್ಟಿಸಿಲ್ಲ. ಬೇರು ಕೀಳುವುದಿಲ್ಲ. ಸಿಪ್ಪೆಯನ್ನೂ ಕುದಿಸಿಯೇ ಬಿಡುತ್ತೇನೆ. ನನ್ನನ್ನು ಅಪರಾಧಿ ಮಾಡಬೇಡಿ.

ಲೀಡ್ಸ್: ಸ್ವಂತ ಹಿತ್ತಲಲ್ಲಿ ಗಿಡ ಇರುವುದು ಅಪರಾಧ ಅಲ್ಲ. 1981ರ ವನ್ಯಜೀವಿ ಕಾಯ್ದೆ ತಡೆಯುವುದು ಅದನ್ನು ಹೊರಗೆ, ಕಾಡುಮೇಡಿನಲ್ಲಿ ಹಬ್ಬಿಸುವುದನ್ನು. ಆದರೆ ಔಷಧಿ ಹೊಡೆಯದೆ ಬಿಟ್ಟಿದ್ದೀರಲ್ಲ, ಪಕ್ಕದ ಮನೆಯವರ ಗತಿ ಏನು? ನಮಗೆ ಬಂದದ್ದೂ ಪಕ್ಕದವರಿಂದಲೇ.

ರೀಡಿಂಗ್: ಪಕ್ಕದವರನ್ನು ಕೇಳಿ ನಡುಭಾಗದ ಎಲೆ ನೋಡಿದೆ. 23 ಸೆಂ.ಮೀ. ಬುಡ ಸ್ವಲ್ಪ ಒಳಗೆ ಬಾಗಿದೆ. ಕೆಳಗೆ ಗಿಡ್ಡ ರೋಮ ಇದೆ. ಮಿಶ್ರತಳಿ ಅಂತ ಬರೆದು ವಕೀಲರಿಗೆ ಕಳಿಸಿದ್ದೇನೆ.

ಲೀಡ್ಸ್: ಆ ಇಮೇಲ್‌ಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಮೊದಲೇ ಕೇಳಿ. ನಮ್ಮವರು ಪ್ರತಿ ಪತ್ರಕ್ಕೆ 65 ಪೌಂಡ್ ಹಾಕಿದರು. ಒಟ್ಟು ಹದಿನಾಲ್ಕು ಪತ್ರ.