ಪದಚರ್ಚೆ: ಸಾಣೆಚಕ್ರದ ‘ಕಣ’ವೋ ‘ಹರಳೋ’? ‘ಅಪಘರ್ಷಕ’ ಸರಿಯೇ?

ಗಡುಸಾದ ಮಿಶ್ರಲೋಹಗಳ ಗ್ರೈಂಡಿಂಗ್ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಪದಗಳ ಬಳಿ ಕೈ ಕಟ್ಟಿಹೋಗಿದೆ. ಬಲ್ಲವರು ನೆರವಾಗಬೇಕು.

ಮೊದಲನೆಯದು ‘ಅಪಘರ್ಷಕ’, ಅಂದರೆ ಇಂಗ್ಲಿಷಿನ abrasive, ಸಾಣೆ ಹಿಡಿಯಲು ಬಳಸುವ ಗಡುಸು ವಸ್ತು. ಘರ್ಷಣೆ ಎಂದರೆ ಉಜ್ಜಾಟ. ಆದರೆ ಸಾಣೆಚಕ್ರದಲ್ಲಿರುವ ಚೂಪು ಮೂಲೆಯ ಕಾಳು ಲೋಹವನ್ನು ಉಜ್ಜುವುದಿಲ್ಲ, ಹೆರೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೇತ್‌ನಿಂದ ಬರುವಂಥದೇ ಸಿಪ್ಪೆಗಳು, ಗಾತ್ರ ಮಾತ್ರ ಬಹಳ ಕಿರಿದು. ಮೂಲೆ ಮೊಂಡಾದಾಗ ಲೋಹ ಕಿತ್ತು ಬರದೆ ಗೀರಿನ ಎರಡೂ ಬದಿಗೆ ಏರಿಯಂತೆ ಏಳುತ್ತದೆ. ಇನ್ನೂ ಮೊಂಡಾದರೆ ಬರಿಯ ತಿಕ್ಕಾಟ, ಬರಿಯ ಬಿಸಿ. ಟೈಟಾನಿಯಂ, ನಿಕಲ್ ಮಿಶ್ರಲೋಹಗಳು ಬಿಸಿಯನ್ನು ಬೇಗ ಒಳಕ್ಕೆ ಸಾಗಿಸದ ಕಾರಣ ಮೇಲ್ಮೈಯೇ ಸುಟ್ಟುಹೋಗುತ್ತದೆ. ಕೆಲಸ ಕೆಡುವ ಹಂತದ ಹೆಸರನ್ನೇ ವಸ್ತುವಿಗೆ ಕೊಟ್ಟಿದ್ದೇವೆ ಎಂಬುದು ನನ್ನ ತಕರಾರು.

ಈ ಮೂರು ಹಂತಗಳಿಗೆ ‘ಹೆರೆ’, ‘ಉಳು’, ‘ತೇಯು’ ಎಂದು ಬರೆದಿದ್ದೇನೆ. ‘ಉಳು’ ನನಗೆ ತುಂಬ ಹಿಡಿಸಿದೆ. ನೇಗಿಲೂ ಮಣ್ಣನ್ನು ಹೊತ್ತೊಯ್ಯುವುದಿಲ್ಲ, ಬದಿಗೆ ಸರಿಸುತ್ತದೆ. ‘ತೇಯು’ ಬಗ್ಗೆ ಅನುಮಾನವಿದೆ. ‘ಜೀವ ತೇಯ್ದರು’ ಎನ್ನುವಾಗ ಸವೆಯುವುದು ಜೀವ. ಹಾಗೆಯೇ ‘ಕಾಳು ತೇಯುತ್ತದೆ’ ಎಂದರೆ ಕಾಳೇ ಸವೆಯಿತು ಎಂದು ಓದುಗರು ತಿಳಿಯುತ್ತಾರೆ. ಅದೂ ನಿಜವೇ, ಆದರೆ ನಾನು ಹೇಳಹೊರಟಿದ್ದು ಅದಲ್ಲ. ‘ತಿಕ್ಕು’ ಮೇಲೇ?

ಎರಡನೆಯದು, ಮೇಲೆ ‘ಕಾಳು’ ಎಂದು ತಾತ್ಕಾಲಿಕವಾಗಿ ಕರೆದದ್ದು, ಇಂಗ್ಲಿಷಿನ grain. ‘ಕಣ’ ಗಾತ್ರವನ್ನು ಹೇಳುತ್ತದೆ, ಆಕಾರವನ್ನಲ್ಲ. ಈ ಬರಹವೆಲ್ಲ ಆಕಾರದ ಮೇಲೆಯೇ ನಿಂತಿದೆ. ‘ಕಾಳು’ ಎಂದರೆ ದುಂಡಗಿನದು ಕಣ್ಣಿಗೆ ಕಟ್ಟುತ್ತದೆ. ‘ಹರಳು’ ಎಂದ ಕೂಡಲೇ ಮುಖ, ಮೂಲೆ, ಅಂಚು ಎಲ್ಲವೂ ಕಾಣುತ್ತವೆ. ಆದರೆ ಸ್ಫಟಿಕಕ್ಕೂ ಅದೇ ಪದ ಬಳಕೆಯಲ್ಲಿದೆ. ಸಾಣೆಚಕ್ರಗಳಲ್ಲಿ ಬಳಸುವ ಸೆರಾಮಿಕ್ ಅಲ್ಯೂಮಿನಾದ ಒಂದೊಂದು ಕಾಳಿನೊಳಗೂ ಅತಿಸೂಕ್ಷ್ಮ ಸ್ಫಟಿಕಗಳು ಕಿಕ್ಕಿರಿದಿರುತ್ತವೆ. ‘ಹರಳಿನೊಳಗಿನ ಹರಳುಗಳು’ ಎಂದು ಬರೆದು ನಾನೇ ಹೊಡೆದುಹಾಕಿದೆ. ಸಣ್ಣ ಕಲ್ಲುಚೂರು ಎಂಬ ಅರ್ಥದ ‘ನೊರಜು’ ಹೊಂದೀತೇ? (ಅಂದ ಹಾಗೆ, ಸಾಣೆಗೆ ಬಳಸುವ ಗಡುಸು ಖನಿಜ ‘ಕೊರಂಡಮ್’ ಬದಲು ‘ಕುರುಂದ’ ಎಂದೇ ಬರೆದಿದ್ದೇನೆ. ಇಂಗ್ಲಿಷಿನವರು ಆ ಹೆಸರನ್ನು ತಮಿಳಿನಿಂದ ಕೊಂಡೊಯ್ದರು. ಅದನ್ನು ಅವರ ಉಚ್ಚಾರದಲ್ಲಿ ಮರಳಿ ತರುವ ಅಗತ್ಯ ನನಗೆ ಕಾಣುವುದಿಲ್ಲ.)

ಮೂರನೆಯದೇ ಕಠಿಣ, ಇಂಗ್ಲಿಷಿನ friability. ಕೆಲವು ಕಾಳುಗಳು ಒತ್ತಡಕ್ಕೆ ಅಂಚಿನಲ್ಲಿ ಚೂರುಚೂರಾಗಿ ಒಡೆದು ಹೊಸ ಮೊನೆ ತೋರುತ್ತವೆ. ಇಟ್ಟಿಗೆಯಂತೆ ತುಂಬಿದ ಮೈಯ ವಜ್ರದ ಕಾಳು ಸುಲಭಕ್ಕೆ ಒಡೆಯದು. ಕಲ್ಲು ಕೊಯ್ಯುವ ಗರಗಸಕ್ಕೆ ಅದೇ ಬೇಕು. ಉಪಕರಣಗಳ ಮೊನೆಗೆ ಬಳಸುವ ಬಲು ಗಡುಸಾದ ಟಂಗ್‌ಸ್ಟನ್ ಕಾರ್ಬೈಡ್‌ನ ಗ್ರೈಂಡಿಂಗ್‌ಗೆ ರಾಳದಲ್ಲಿ ಕೂರಿಸಿದ, ಅಂಕುಡೊಂಕಾದ, ಬೇಗ ಒಡೆಯುವ ವಜ್ರವೇ ಒಳ್ಳೆಯದು. ಈ ಒಡೆಯುವ ಗುಣಕ್ಕೆ ‘ಪೆಡಸು’ ಎಂದರೆ ಒಮ್ಮೆಗೇ ಮುರಿದುಬೀಳುವ ದೋಷದಂತೆ ಕೇಳುತ್ತದೆ. ‘ಮುಕ್ಕಾಗುವ ಗುಣ’ ಎಂದು ಬರೆಯುವ ಆಸೆಯಿದೆ, ಅಂಚಿನ ಸಣ್ಣ ಚೂರು ಹಾರುವುದಕ್ಕೆ ಅಷ್ಟು ಒಪ್ಪುವ ಪದ ನನಗೆ ಬೇರೆ ಸಿಕ್ಕಿಲ್ಲ. ಆದರೆ ‘ಮುಕ್ಕು’ ಎಂದರೂ ಊನವೇ ತಾನೆ? ‘ಮುಕ್ಕಾಗಿ ಹರಿತವಾಗುವ ನೊರಜು’ ಎಂಬುದನ್ನು ಓದಿದರೆ ನಿಮಗೆ ಅರ್ಥವಾಗುತ್ತದೆಯೇ, ಎಡವಿದಂತಾಗುತ್ತದೆಯೇ?